ಊಟದ ಜೊತೆ ಜಗಳ ಯಾಕೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಸಂಘದವರು ಕಂಪ್ಯೂಟರ್ ಬಗ್ಗೆಯೋ, ಕೆಲಸ ಹುಡುಕುವ ಬಗ್ಗೆಯೋ ಮಾತಾಡು ಎಂದು ಕೇಳಿದ್ದರು. ಅದನ್ನು ಬಿಟ್ಟು ಊಟದ ಬಗ್ಗೆ ಮಾತಾಡಲು ಕಾರಣ, ಇಲ್ಲಿಯ ಮೇಡಂ ಒಬ್ಬರು ಫೋನಿನಲ್ಲಿ ಹೇಳಿದ ಒಂದು ಮಾತು. "ಬೆಳಗ್ಗೆ ಪ್ರಾರ್ಥನೆ ಹೊತ್ತಿನಲ್ಲಿ ತಲೆ ಸುತ್ತಿ ಕೂರುವ ಹುಡುಗಿಯರು ಈಗಲೂ ಇದ್ದಾರಪ್ಪ. ನಿಮ್ಮ ಕಾಲದಲ್ಲಿ ಮನೆಯಲ್ಲಿ ತಿಂಡಿ ಆಗಿರುತ್ತಿರಲಿಲ್ಲ. ಈಗ ಆಗಿರುತ್ತದೆ, ಇವರೇ ಬಿಟ್ಟು ಬರುತ್ತಾರೆ. ಯಾಕಮ್ಮ ಅಂದರೆ ದಪ್ಪ ಆಗ್ತೀನಿ ಮಿಸ್ ಅನ್ನುತ್ತಾರೆ."

ಹಿಂದಿನ ಸಾಲಿನಲ್ಲಿರುವ ಹಿರಿಯರು ಏನು ಅಂದುಕೊಳ್ಳುತ್ತಿದ್ದೀರಿ ಎಂದು ಗೊತ್ತು. ಇದೆಲ್ಲ ಹೊಟ್ಟೆ ತುಂಬಿದವರ ಕಾಯಿಲೆ, ಪಟ್ಟಣದ ರೋಗ ಎಂದು. ಒಂದು ಕಾಲಕ್ಕೆ ಹಾಗೇ ಇತ್ತು. ಈಗ ಮೊಬೈಲು ಊರಿಗೂ ಪಟ್ಟಣಕ್ಕೂ ಇದ್ದ ದೂರವನ್ನು ತೆಗೆದುಹಾಕಿದೆ. ಬೆಂಗಳೂರಿನ ಹುಡುಗಿ ಯಾವ ವೀಡಿಯೋ ನೋಡಿ ಅನ್ನ ಬಿಡುತ್ತಾಳೋ, ಅದೇ ವೀಡಿಯೋವನ್ನು ನಮ್ಮ ಒಂಬತ್ತನೇ ತರಗತಿಯ ಹುಡುಗಿಯೂ ನೋಡುತ್ತಾಳೆ. ಆದರೆ ಬೆಂಗಳೂರಿನವಳು ಅನ್ನ ಬಿಟ್ಟರೆ ಪನೀರು, ಬಾದಾಮಿ ತಿಂದಾಳು. ನಮ್ಮವಳು ಅನ್ನ ಬಿಟ್ಟರೆ ಬರೀ ಟೀ ಕುಡಿದು ಬಸ್ ಹತ್ತುತ್ತಾಳೆ.

ನಾನು ಡಾಕ್ಟರಲ್ಲ. ಲೆಕ್ಕ, ಯಂತ್ರ, ಅವು ಕೆಲಸ ಮಾಡುವ ಬಗೆ, ಇವು ನನ್ನ ಕಸುಬು. ಆ ಕಡೆಯಿಂದಲೇ ಹೇಳುತ್ತೇನೆ.

ಡಯಟ್ ಮಾಡುವವರ ಲೆಕ್ಕ ಮನೆ ಮೇಲಿನ ನೀರಿನ ಟ್ಯಾಂಕಿನ ಲೆಕ್ಕ. ಒಳಗೆ ಬರುವುದು ಕಡಿಮೆ ಮಾಡಿದರೆ ಟ್ಯಾಂಕು ಇಳಿಯುತ್ತದೆ, ಅಷ್ಟೇ. ಸಿಂಟೆಕ್ಸ್ ಟ್ಯಾಂಕಿಗೆ ಇದು ಸರಿ, ಅದಕ್ಕೆ ಬುದ್ಧಿಯಿಲ್ಲ. ದೇಹಕ್ಕೆ ಇದೆ. ನಮಗೆಲ್ಲ ಗೊತ್ತಿರುವ ಲೋಡ್ ಶೆಡ್ಡಿಂಗ್ ನೆನಪಿಸಿಕೊಳ್ಳಿ. ಕರೆಂಟು ಸಾಲದೆ ಬಂದಾಗ ಇಲಾಖೆಯವರು ಏನು ಮಾಡುತ್ತಾರೆ? ಆಸ್ಪತ್ರೆ ಲೈನು ಉಳಿಸಿ ನಮ್ಮ ಪಂಪ್‌ಸೆಟ್ ಲೈನು ತೆಗೆಯುತ್ತಾರೆ. ದೇಹವೂ ಅದನ್ನೇ ಮಾಡುತ್ತದೆ. ಮಿದುಳು, ಹೃದಯ ನಡೆಯಬೇಕು. ಹಾಗಾಗಿ ಕೈಕಾಲು ತಣ್ಣಗಾಗುತ್ತವೆ, ಕೂದಲು ಉದುರುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲುವುದಿಲ್ಲ, ಹೆಣ್ಣುಮಕ್ಕಳಿಗೆ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಇನ್ನೊಂದು ಕಡೆ ಹಸಿವಿನ ಗಂಟೆ ಜೋರಾಗುತ್ತದೆ. ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ, ಹೊಟ್ಟೆಯಿಂದ ಹೊರಡುವ ಗ್ರೆಲಿನ್ ಎಂಬುದು ಏರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರನ್ನು ಹತ್ತು ವಾರ ಕಟ್ಟುನಿಟ್ಟಿನ ಡಯಟ್‌ನಲ್ಲಿಟ್ಟು, ಆಮೇಲೆ ಒಂದು ವರ್ಷ ಬಿಟ್ಟು ರಕ್ತ ಪರೀಕ್ಷೆ ಮಾಡಿದರು. ಹಸಿವಿನ ಹಾರ್ಮೋನುಗಳು ಆಗಲೂ ಮೊದಲಿನ ಜಾಗಕ್ಕೆ ಬಂದಿರಲಿಲ್ಲ. ಈ ಅಧ್ಯಯನ ಪ್ರಕಟವಾದದ್ದು 2011ರಲ್ಲಿ. ಡಯಟ್ ಬಿಟ್ಟ ಮೇಲೆ ತೂಕ ವಾಪಸ್ ಬರುವುದನ್ನು ನಾವು ನಾಲಿಗೆ ಚಪಲ ಅನ್ನುತ್ತೇವೆ. ಅದರಲ್ಲಿ ನಾಲಿಗೆಯ ಪಾಲು ಬಹಳ ಕಡಿಮೆ.

ಇದಕ್ಕಿಂತ ಹಳೆಯ ಒಂದು ಪ್ರಯೋಗವಿದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತು, 1944-45. ಯುರೋಪಿನಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಅವರಿಗೆ ಮತ್ತೆ ಊಟ ಕೊಡುವುದು ಹೇಗೆ ಎಂದು ತಿಳಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಆರಿಸಿಕೊಂಡರು. ಯುದ್ಧ ಮಾಡುವುದಿಲ್ಲ ಎಂದು ಸೇನೆಗೆ ಸೇರದೆ, ಬದಲಿಗೆ ಇದಕ್ಕೆ ಒಪ್ಪಿ ಬಂದವರು ಅವರು. 24 ವಾರ ಅವರಿಗೆ ಅರೆಹೊಟ್ಟೆ ಊಟ, ದಿನಕ್ಕೆ ಸುಮಾರು 1600 ಕ್ಯಾಲೊರಿ. ತೂಕ ಕಾಲುಭಾಗದಷ್ಟು ಇಳಿಯಿತು. ಮನಸ್ಸಿಗೆ ಆದದ್ದು ಇನ್ನೂ ದೊಡ್ಡದು. ಓದು, ಗೆಳೆತನ, ಹುಡುಗಿಯರು, ರಾಜಕೀಯ ಯಾವುದೂ ಬೇಡವಾಯಿತು. ಇಪ್ಪತ್ತು ದಾಟಿದ ಗಂಡಸರು ಅಡುಗೆ ಪುಸ್ತಕ ತಂದು ಓದತೊಡಗಿದರು, ತಟ್ಟೆ ನೆಕ್ಕತೊಡಗಿದರು, ಸಣ್ಣದಕ್ಕೆಲ್ಲ ಸಿಡುಕತೊಡಗಿದರು. ಊಟ ಮತ್ತೆ ಕೊಟ್ಟಾಗ ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ಹೋಗಲಿಲ್ಲ ಎಂದು ಹಲವರು ಹೇಳಿದರು. 1600ಕ್ಕೆ ಹಸಿವಿನ ಪ್ರಯೋಗ ಎಂದು ಹೆಸರಿಟ್ಟಿದ್ದರು. ಇವತ್ತು ಮೊಬೈಲಿನಲ್ಲಿ ಓಡಾಡುವ ಎಷ್ಟೋ ಡಯಟ್ ಪಟ್ಟಿಗಳಲ್ಲಿ ಇರುವುದು 1200. ಅದಕ್ಕೆ ಆರೋಗ್ಯ ಎಂದು ಹೆಸರು.

ಆ ಆ್ಯಪ್‌ಗಳ ಬಗ್ಗೆಯೂ ಒಂದು ಮಾತು, ಅದು ನಮ್ಮವರೇ ಮಾಡುವ ಕೆಲಸವಾದ್ದರಿಂದ. ದಿನಾ ತಿಂದದ್ದನ್ನು ಬರೆಯಿರಿ ಅನ್ನುತ್ತದೆ. ಮಿತಿ ದಾಟಿದರೆ ಕೆಂಪು ಬಣ್ಣ. ಒಂದು ದಿನ ಬಿಟ್ಟರೆ "ನಿಮ್ಮ ಸರಣಿ ಮುರಿಯಿತು" ಎಂದು ಸಂದೇಶ. ಇದು ನಿಮ್ಮ ಹೊಟ್ಟೆಗಾಗಿ ಮಾಡಿದ ಏರ್ಪಾಡಲ್ಲ, ನೀವು ನಾಳೆಯೂ ಆ್ಯಪ್ ತೆರೆಯಲಿ ಎಂದು ಮಾಡಿದ್ದು. ಅದರಲ್ಲಿ ರಾಗಿ ಮುದ್ದೆ ಹುಡುಕಿದರೆ "ಒಂದು ಪೀಸ್" ಎಂದು ತೋರಿಸುತ್ತದೆ. ಯಾರ ಮನೆಯ ಪೀಸು? ನಮ್ಮ ಅಜ್ಜಿ ಕಟ್ಟುತ್ತಿದ್ದ ಒಂದು ಮುದ್ದೆಯಲ್ಲಿ ಬೆಂಗಳೂರಿನ ಹೋಟೆಲಿನವರು ಮೂರು ಕಟ್ಟುತ್ತಾರೆ!

ಇನ್ನೊಂದು ಲೆಕ್ಕ ಬಿಎಂಐ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವುದು. ಇದರ ಮೂಲ ಹತ್ತೊಂಬತ್ತನೇ ಶತಮಾನದ ಬೆಲ್ಜಿಯಂನ ಕೆಟ್ಲೆ ಎಂಬ ಗಣಿತಜ್ಞ. ಅವನು ವೈದ್ಯನಲ್ಲ, ಜನಸಮೂಹದ ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂದು ಹುಡುಕುತ್ತಿದ್ದವನು. ಆಗ ಹೇಳಿದ ಕೀಸ್ ಅವರೇ 1972ರಲ್ಲಿ ಅದಕ್ಕೆ ಈಗಿನ ಹೆಸರಿಟ್ಟರು. ಒಂದು ಜಿಲ್ಲೆಯ ಜನರ ಸ್ಥಿತಿ ತಿಳಿಯಲು ಅದು ಒಳ್ಳೆಯ ಅಳತೆ. ಎದುರಿಗೆ ನಿಂತ ಒಬ್ಬ ಮನುಷ್ಯನ ಒಳಗೆ ಏನಿದೆ ಎಂದು ಅದು ಹೇಳಲಾರದು. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಯುಡ್ಕಿನ್ ಇಬ್ಬರೂ ತಮ್ಮನ್ನೇ ಅಳೆದುಕೊಂಡು 2004ರಲ್ಲಿ ತಮ್ಮ ಫೋಟೋ ಸಮೇತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು 9.1 ಶೇಕಡ, ಯಾಜ್ಞಿಕ್ ಅವರಲ್ಲಿ 21.2 ಶೇಕಡ. ನಮ್ಮ ಊರಿನಲ್ಲೂ ಕಡ್ಡಿಯ ಹಾಗಿದ್ದವರಿಗೆ ಸಕ್ಕರೆ ಕಾಯಿಲೆ ಬಂದಾಗ ಆಶ್ಚರ್ಯಪಡುತ್ತೇವಲ್ಲ, ಅದಕ್ಕೆ ಉತ್ತರ ಇಲ್ಲಿದೆ. ನೋಡಿದ ತಕ್ಷಣ "ಇವನು ಗಟ್ಟಿ, ಅವಳು ದಪ್ಪ" ಎಂದು ತೀರ್ಪು ಕೊಡುವ ನಮ್ಮ ಕಣ್ಣನ್ನು ನಾವು ಅಷ್ಟು ನಂಬಬಾರದು.

ಹಾಗಾದರೆ ಸಕ್ಕರೆ, ಬಿಪಿ ಇರುವವರು ಬೇಕಾದ್ದು ತಿನ್ನಲೇ ಎಂದು ಕೇಳಬಹುದು. ಇಲ್ಲ. ಡಾಕ್ಟರು ಹೇಳಿದ ಪಥ್ಯ ಔಷಧಿಯ ಒಂದು ಭಾಗ, ಅದನ್ನು ಬಿಡಬೇಡಿ. ನಾನು ಹೇಳುತ್ತಿರುವುದು ಸಣ್ಣಗೆ ಕಾಣಬೇಕು ಎಂದು ಹಸಿದುಕೊಂಡಿರುವ ಬಗ್ಗೆ. ಸಕ್ಕರೆ ಬರದಂತೆ ತಡೆಯುವುದಕ್ಕೂ ತೂಕದ ಕಾಟ ಅಷ್ಟೊಂದು ಬೇಕಿಲ್ಲ ಎನ್ನಲು ನಮ್ಮ ದೇಶದ್ದೇ ಪುರಾವೆಯಿದೆ. ಚೆನ್ನೈನಲ್ಲಿ ಡಾಕ್ಟರ್ ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿತು. ಊಟದ ಕ್ರಮ ತಿದ್ದಿಕೊಂಡು ನಡಿಗೆ ಮಾಡಿದ ಗುಂಪಿನಲ್ಲಿ ಕಾಯಿಲೆಗೆ ಬೀಳುವುದು 28.5 ಶೇಕಡ ಕಡಿಮೆಯಾಯಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಸೊಪ್ಪು, ಕಾಳು ಜಾಸ್ತಿ, ಪಾಲಿಷ್ ಅಕ್ಕಿ, ಸಕ್ಕರೆ ಕಡಿಮೆ, ದಿನಾ ನಡಿಗೆ. ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ರಾಗಿಯ ವಿಚಾರವೇ ತಮಾಷೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಊರಲ್ಲಿ ನೆಂಟರು ಬಂದರೆ ಮುದ್ದೆ ಬಡಿಸಲು ನಾಚುತ್ತೇವೆ. ನನ್ನ ಆಫೀಸಿನಲ್ಲಿ ಅದೇ ರಾಗಿಗೆ ಮಿಲೆಟ್ ಬೌಲ್ ಎಂದು ಹೆಸರಿಟ್ಟು ಮುನ್ನೂರು ರೂಪಾಯಿ ಕೊಟ್ಟು ತಿನ್ನುತ್ತಾರೆ, ತಿಂದ ಮೇಲೆ ಪುಣ್ಯ ಬಂದವರ ಹಾಗೆ ಕೂರುತ್ತಾರೆ. ಅದೇ ಜನ ಹಬ್ಬದ ದಿನ ಒಂದು ಹೋಳಿಗೆ ತಿಂದರೆ "ಇವತ್ತು ಚೀಟ್ ಮೀಲ್" ಅನ್ನುತ್ತಾರೆ. ಚೀಟ್ ಅಂದರೆ ಮೋಸ. ಅವ್ವ ಒಲೆ ಮುಂದೆ ಕೂತು ಬೇಯಿಸಿ, ತುಪ್ಪ ಸುರಿದು ಕೊಟ್ಟ ಹೋಳಿಗೆಯಲ್ಲಿ ಯಾರು ಯಾರಿಗೆ ಮೋಸ ಮಾಡಿದರು? ಒಂದು ತಿಂದು ಸುಖಪಟ್ಟವನಿಗೆ ಒಂದು ಸಾಕಾಗುತ್ತದೆ. ಪಾಪ ಅಂದುಕೊಂಡು ತಿಂದವನು ಹೇಗೂ ಕೆಟ್ಟೆ, ನಾಳೆಯಿಂದ ಬಂದ್ ಎಂದು ಆರು ತಿನ್ನುತ್ತಾನೆ. ಇದನ್ನು ನಾನು ಆಫೀಸಿನ ಪ್ರತಿ ಹಬ್ಬದಲ್ಲೂ ನೋಡುತ್ತೇನೆ.

ಅಮೆರಿಕದ ಇಬ್ಬರು ಆಹಾರ ತಜ್ಞೆಯರು, ಎವೆಲಿನ್ ಟ್ರಿಬೋಲಿ ಮತ್ತು ಎಲೀಸ್ ರೆಶ್, 1995ರಲ್ಲಿ ಇದರ ಬಗ್ಗೆ ಒಂದು ಪುಸ್ತಕ ಬರೆದರು. ತಿರುಳು ಇಷ್ಟು: ಹಸಿವಾದಾಗ ತಿನ್ನು, ರುಚಿ ನೋಡಿಕೊಂಡು ತಿನ್ನು, ಹೊಟ್ಟೆ ತುಂಬಿದ್ದನ್ನು ಕೇಳಿಸಿಕೋ, ಯಾವ ಆಹಾರಕ್ಕೂ ಶತ್ರು ಎಂದು ಹೆಸರಿಡಬೇಡ. ಓದುವಾಗ ಇದಕ್ಕೊಂದು ಪುಸ್ತಕ ಬೇಕಿತ್ತೇ ಅನ್ನಿಸಿತು. ಆದರೆ ಈಗ ಟಿವಿ ಮುಂದೆ, ಮೊಬೈಲ್ ಹಿಡಿದು ಉಣ್ಣುವವರಿಗೆ ಸಾರಿಗೆ ಉಪ್ಪು ಹಾಕಿಲ್ಲವೆಂಬುದೇ ತಿಳಿಯುವುದಿಲ್ಲ, ಹೊಟ್ಟೆ ತುಂಬಿದ್ದು ಹೇಗೆ ತಿಳಿದೀತು?

ಊರಿನ ತಪ್ಪೂ ಇದೆ, ಅದನ್ನು ಹೇಳದೆ ಹೋದರೆ ಅನ್ಯಾಯ. "ಇನ್ನರ್ಧ ಮುದ್ದೆ ಹಾಕ್ಕೊ, ಹಾಕ್ಕೊ" ಎಂದು ಬಲವಂತ ಮಾಡುವವರು ನಾವೇ. ಹತ್ತು ನಿಮಿಷ ಬಿಟ್ಟು, ಅದೇ ಮಗುವನ್ನು ನೆಂಟರ ಮುಂದೆ ನಿಲ್ಲಿಸಿ "ಡುಮ್ಮಿ ಆಗ್ತಾವ್ಳೆ ನೋಡಿ" ಎಂದು ನಗುವವರೂ ನಾವೇ. ಸಣ್ಣಗಿದ್ದರೆ ಸೊಣಕಲ, ಕಡ್ಡಿ ಪೈಲ್ವಾನ್. ಎಲೆನ್ ಸ್ಯಾಟರ್ ಎಂಬ ಆಹಾರ ತಜ್ಞೆ ಕೆಲಸವನ್ನು ಹೀಗೆ ಹಂಚಿದ್ದಾರೆ: ಏನು ಅಡುಗೆ, ಯಾವ ಹೊತ್ತಿಗೆ, ಎಲ್ಲಿ ಕೂತು ಉಣ್ಣುವುದು, ಇದು ದೊಡ್ಡವರದು. ಎಷ್ಟು ಉಣ್ಣುವುದು ಎಂಬುದು ಮಗುವಿನದು. ಮನೆಯಲ್ಲಿ ಒಂದು ತಿಂಗಳು ಮಾಡಿ ನೋಡಿ.

ತಾಯಂದಿರ ವಿಚಾರ ಇದಕ್ಕಿಂತ ದೊಡ್ಡದು. ನಮ್ಮ ಮನೆಗಳಲ್ಲಿ ಗಂಡಸರು, ಮಕ್ಕಳು, ನೆಂಟರು ಎಲ್ಲ ಉಂಡೆದ್ದ ಮೇಲೆ ಅವ್ವ ಕೂರುತ್ತಾಳೆ. ಪಾತ್ರೆಯಲ್ಲಿ ಕಾಳು ಮುಗಿದಿರುತ್ತದೆ, ಸಾರಿನ ತಿಳಿ ಇರುತ್ತದೆ. ಮೊಟ್ಟೆ ಬೇಯಿಸಿದ ದಿನ ಲೆಕ್ಕ ಹಾಕಿದರೆ ಅವಳ ಪಾಲಿಗೆ ಬಂದಿರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡ ಮಂದಿಗೆ ರಕ್ತಹೀನತೆ. 15ರಿಂದ 19ರ ಹುಡುಗಿಯರಲ್ಲಿ 59. ಅಂದರೆ ತಲೆ ಸುತ್ತುವ ಹುಡುಗಿ ತಿಂಡಿ ಬಿಡುವ ಮೊದಲೇ ಅರ್ಧ ಖಾಲಿಯಾಗಿರುತ್ತಾಳೆ. ಅವಳು ಅದನ್ನು ಕಲಿತದ್ದು ವೀಡಿಯೋದಿಂದ ಮಾತ್ರವಲ್ಲ, ಹೆಣ್ಣಾದವಳು ತನ್ನ ತಟ್ಟೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂದು ಹುಟ್ಟಿದಾಗಿನಿಂದ ನೋಡಿದ್ದಾಳೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮುಂದಿನ ವಾರ ಅದು ಕಿಟಕಿಯಾಚೆ ಹೋಗುತ್ತದೆ. ಊಟ ಮಾಡಿ ನುಂಗಿ ಮಕ್ಕಳೇ.

ಹುಡುಗರು ನಗುತ್ತಿದ್ದೀರಿ. ನಿಮ್ಮದೂ ಇದೆ. ತಾಲ್ಲೂಕಿನ ಜಿಮ್‌ನಲ್ಲಿ ಯಾರೋ ಕೊಟ್ಟ ಡಬ್ಬಿಯ ಪುಡಿ, ಹೆಸರಿಲ್ಲದ ಮಾತ್ರೆ, ಇಂಜೆಕ್ಷನ್ ಇವುಗಳ ಹತ್ತಿರ ಹೋಗಬೇಡಿ. ಆ ದುಡ್ಡಿಗೆ ಮೊಟ್ಟೆ, ಕಡಲೆಬೀಜ, ಹುರುಳಿಕಾಳು ತಿನ್ನಿ. ಸಿನಿಮಾದವರ ಮೈಕಟ್ಟು ಅವರ ಉದ್ಯೋಗ, ಅದಕ್ಕೆ ಅವರಿಗೆ ಸಂಬಳ ಬರುತ್ತದೆ.

ಗುರುಗಳಲ್ಲಿ ಒಂದು ವಿನಂತಿ. ಆರೋಗ್ಯ ತಪಾಸಣೆಗೆ ಬಂದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕವನ್ನು ಜೋರಾಗಿ ಕೂಗಿ ಬರೆಸುವ ಪದ್ಧತಿ ಎಷ್ಟೋ ಕಡೆ ಇದೆ. ಇಲ್ಲೂ ಇದ್ದರೆ ದಯವಿಟ್ಟು ಮೆಲ್ಲಗೆ ಬರೆದುಕೊಳ್ಳಿ. ಆಟದ ಪೀರಿಯಡ್ಡನ್ನು ಗಣಿತಕ್ಕೆ ತೆಗೆದುಕೊಳ್ಳಬೇಡಿ, ಗಣಿತದಿಂದ ಅನ್ನ ಉಣ್ಣುವ ನಾನೇ ಇದನ್ನು ಹೇಳುತ್ತಿದ್ದೇನೆ. ಊಟ ಕಂಡರೆ ಹೆದರುವ, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವ, ಕನ್ನಡಿ ಮುಂದೆ ಅಳುವ ಮಗು ಕಂಡರೆ ಅದು ಸೊಕ್ಕಲ್ಲ, ಕಾಯಿಲೆ. ಸರ್ಕಾರದ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಮ್ಮ ಬ್ಯಾಚಿನವರು ಸೇರಿ ಬೆಳಗಿನ ಹೊತ್ತು ಬಸ್ಸಿಗೆ ಬೇಗ ಹೊರಡುವ ಮಕ್ಕಳಿಗಾಗಿ ಹುರಿಹಿಟ್ಟು, ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ ಶಾಲೆಯಲ್ಲಿ ಇಡಲು ಹಣ ಕೂಡಿಸಿದ್ದೇವೆ. ಈ ಜೂನ್‌ನಿಂದ ಒಂದು ವರ್ಷಕ್ಕೆ ಸಾಕು. ಮುಂದಿನ ವರ್ಷದ್ದನ್ನು ಬೇರೆ ಬ್ಯಾಚಿನವರು ವಹಿಸಿಕೊಳ್ಳುವುದಾದರೆ ಸಂಘದ ಕಾರ್ಯದರ್ಶಿಗಳ ಹತ್ತಿರ ಇವತ್ತೇ ಹೆಸರು ಬರೆಸಿ.