ಮೂವತ್ತು ಎಣಿಸುವುದು ಏಕೆ?

ಕರೆಂಟು ಹೋಗಿ ಬಂದ ಮೇಲೆ ಮನೆಯ ವೈಫೈ ಪೆಟ್ಟಿಗೆ ಮಂಕು ಬಡಿದಂತೆ ನಿಂತಿದೆ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ, "ಪ್ಲಗ್ ಕಿತ್ತು ಮೂವತ್ತು ಎಣಿಸಿ, ಮತ್ತೆ ಹಾಕಿ" ಎನ್ನುತ್ತಾರೆ. ಏಕೆ ಮೂವತ್ತು?

ಟೊರಾಂಟೊ ಸುತ್ತಮುತ್ತ ಇರುವ ನಮಗೆ ಕತ್ತಲೆ ಹೊಸದಲ್ಲ. 2003ರ ಆಗಸ್ಟ್ 14ರಂದು ಒಂಟಾರಿಯೊ ಮತ್ತು ಅಮೆರಿಕದ ಈಶಾನ್ಯ ರಾಜ್ಯಗಳ ಸುಮಾರು 5 ಕೋಟಿ ಜನರಿಗೆ ಕರೆಂಟು ಹೋಯಿತು. 2013ರ ಡಿಸೆಂಬರಿನಲ್ಲಿ ಮಳೆ ಬಿದ್ದಲ್ಲೇ ಮಂಜುಗಡ್ಡೆಯಾಗಿ, ಮರದ ಕೊಂಬೆಗಳು ತಂತಿಗಳ ಮೇಲೆ ಮುರಿದುಬಿದ್ದು ಟೊರಾಂಟೊದ ಸುಮಾರು 3 ಲಕ್ಷ ಗ್ರಾಹಕರು ಚಳಿಯಲ್ಲಿ ನಡುಗಿದರು. ಕರೆಂಟು ಬಂದಾಗ ನಾವು ಹಿಗ್ಗುತ್ತೇವೆ. ಆದರೆ ವೈಫೈ ಪೆಟ್ಟಿಗೆಯಲ್ಲೋ ಮನೆ ಬಿಸಿಮಾಡುವ ಫರ್ನೇಸಿನಲ್ಲೋ ಇರುವ ಚಿಪ್ಪಿಗೆ ಪರೀಕ್ಷೆ ಶುರುವಾಗುವುದೇ ಆಗ.

ಅದಕ್ಕೆ ಬೇಕಾದ 5 ವೋಲ್ಟ್ ಒಮ್ಮೆಲೇ ಸಿಗದು, ಸೊನ್ನೆಯಿಂದ ಏರಿ ಬರುತ್ತದೆ. ನಡುದಾರಿಯಲ್ಲಿ ಚಿಪ್ಪಿನ ಒಂದು ಭಾಗ ಎದ್ದಿದ್ದರೆ ಇನ್ನೊಂದು ನಿದ್ದೆಯಲ್ಲಿರುತ್ತದೆ. ಆಗಲೇ ಪ್ರೋಗ್ರಾಮ್ ಓಡಿದರೆ ಅಡ್ಡಾದಿಡ್ಡಿ. ಆದ್ದರಿಂದ ಎಲ್ಲವೂ ಸ್ಥಿರವಾಗುವವರೆಗೆ ಚಿಪ್ಪನ್ನು ತಡೆದು ಹಿಡಿಯಬೇಕು. ಇದೇ ಪವರ್-ಆನ್ ರೀಸೆಟ್.

ಇದರ ಅಗ್ಗದ ಉಪಾಯ, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. 10 ಕಿಲೋ ಓಮ್, 10 ಮೈಕ್ರೋಫ್ಯಾರಡ್ ಹಾಕಿದರೆ ಗುಣಲಬ್ಧ 0.1 ಸೆಕೆಂಡ್, ಕೆಪಾಸಿಟರ್ ತುಂಬುವ ತನಕ ಚಿಪ್ಪು ಕಾಯುತ್ತದೆ. ಆದರೆ ವೋಲ್ಟೇಜ್ ಇನ್ನೂ ನಿಧಾನವಾಗಿ ಏರಿದರೆ ಕೆಪಾಸಿಟರೂ ಅದರ ಜೊತೆಗೇ ಏರಿಬಿಡುತ್ತದೆ, ತಡೆ ಎಂಬುದೇ ಉಳಿಯುವುದಿಲ್ಲ. ಕರೆಂಟು ಕಣ್ಣುಮಿಟುಕಿಸಿ ಬಂದರೆ ಹಳೆಯ ಚಾರ್ಜ್ ಇಳಿದಿರುವುದೇ ಇಲ್ಲ. ಒಂದು ಡಯೋಡ್ ಸೇರಿಸಿ ಚಾರ್ಜ್ ಬೇಗ ಹರಿದುಹೋಗುವಂತೆ ಮಾಡಬಹುದು. ಆದರೂ ವೋಲ್ಟೇಜ್ 3ಕ್ಕೆ ಕುಸಿದು ಮೇಲೆದ್ದರೆ ಅದೂ ಸಾಲದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಸಾಮರ್ಥ್ಯವೋ, ಜನವರಿಯ ಗ್ಯಾರೇಜಿನ ಚಳಿಗೆ ಕುಗ್ಗುತ್ತದೆ.

ತಪ್ಪು ಇರುವುದು ಬಿಡಿಭಾಗದಲ್ಲಲ್ಲ, ಲೆಕ್ಕದಲ್ಲಿ. ಈ ಸರ್ಕೀಟು ಸಮಯವನ್ನು ಊಹಿಸುತ್ತದೆ, ಅಳೆಯಬೇಕಾದದ್ದು ವೋಲ್ಟೇಜನ್ನು. ಮ್ಯಾಕ್ಸ್ 809 ಎಂಬ ಮೂರು ಕಾಲಿನ ಪುಟ್ಟ ಚಿಪ್ಪು ಮಾಡುವುದು ಅದನ್ನೇ. ಅದರ ಒಂದು ಮಾದರಿ, ವೋಲ್ಟೇಜ್ ಸುಮಾರು 4.63 ದಾಟಿದ ಮೇಲೂ ಕನಿಷ್ಠ 140 ಮಿಲಿಸೆಕೆಂಡ್ ಕಾಯಿಸುತ್ತದೆ. ಕೆಳಗಿಳಿದರೆ ಮತ್ತೆ ತಡೆಹಿಡಿಯುತ್ತದೆ. ಈಗಿನ ಅನೇಕ ಮೈಕ್ರೋಕಂಟ್ರೋಲರುಗಳ ಒಳಗೇ ಇಂಥ ಕಾವಲು ಇದೆ. ಕೆಲವುಗಳಲ್ಲಿ ಅದನ್ನು ನಾವೇ ಚಾಲೂ ಮಾಡಬೇಕು.

ಸರ್ಕೀಟು ಕಟ್ಟುವ ಎಳೆಯರಿಗೆ ಒಂದು ಮಾತು: ಸ್ವಿಚ್ ಒಮ್ಮೆ ಹಾಕಿ ನೋಡಿ ತೃಪ್ತರಾಗಬೇಡಿ. ವೋಲ್ಟೇಜನ್ನು ನಿಧಾನವಾಗಿ ಏರಿಸಿ, ಅರ್ಧಕ್ಕೆ ಇಳಿಸಿ, ಚಳಿಯಲ್ಲಿಟ್ಟು ನೋಡಿ. ಉಳಿದವರು ಮೂವತ್ತು ಎಣಿಸಿ. ಒಳಗಿನ ಕೆಪಾಸಿಟರುಗಳು ಬರಿದಾಗಲು ಅಷ್ಟು ಬಿಡುವು ಬೇಕು.