ಬಂದೂಕು ಹೋಯ್ತು, ಅಳತೆಗೋಲು ಉಳೀತು



ಕಳೆದ ವಾರ ಕುರುಗೋಡಿನಲ್ಲಿದ್ದೆ. ಮೆಣಸಿನಕಾಯಿ ಹೊಲದ ಬದುವಿನ ಮೇಲೆ ಕೂತು ಮಾತಾಡ್ತಿದ್ದಾಗ ಹಿರಿಯ ರೈತರೊಬ್ಬರು ಕೇಳಿದ್ರು: "ಅಲ್ರೀ ಸರ, ದಿನಾ ರಾತ್ರಿ ಉಕ್ರೇನು, ಯುರೋಪು ಅಂತೀರಲ್ಲ, ಅವ್ರು ಬಡದಾಡಿದ್ರ ನಮಗೇನ್ರೀ?" ನಕ್ಕು ಸುಮ್ಮನಾದೆ. ಉತ್ತರ ಇವತ್ತು ಹೇಳ್ತೀನಿ.

ಬಳ್ಳಾರಿಗೆ ಯುರೋಪ್ ಹೊಸದಲ್ಲ. ತಮ್ಮನ್ನು ಕಾಯುವ ಕಂಪನಿ ಸೈನ್ಯದ ಖರ್ಚಿಗಾಗಿ ಹೈದರಾಬಾದಿನ ನಿಜಾಮರು 1800ರಲ್ಲಿ ಈ ಸೀಮೆಯನ್ನೇ ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಆಮೇಲೆ ಕಲೆಕ್ಟರ್ ಥಾಮಸ್ ಮನ್ರೋ ಬಂದ, ಹೊಲ ಹೊಲ ಅಳೆಸಿದ, ಕಂದಾಯ ಗೊತ್ತು ಮಾಡಿದ. ಮೊದಲು ಬಂದೂಕು, ಹಿಂದೆಯೇ ಅಳತೆ ಸರಪಳಿ. ಇದು ಹಳೇ ಯುರೋಪ್.

ಈಗ? 2025ರ ಆಗಸ್ಟ್ 15ರಂದು ಟ್ರಂಪ್ ಮತ್ತು ಪುಟಿನ್ ಅಲಾಸ್ಕಾದಲ್ಲಿ ಕೂತರು. ಮಾತು ಉಕ್ರೇನಿನದು, ಅಂದರೆ ಯುರೋಪಿನ ಮನೆಯಂಗಳದ ಯುದ್ಧದ್ದು. ಆ ಮೇಜಿನಲ್ಲಿ ಯುರೋಪಿಗೇ ಕುರ್ಚಿ ಇರಲಿಲ್ಲ! ಮೂರು ದಿನದ ಮೇಲೆ ಅಲ್ಲಿನ ಹಲವು ನಾಯಕರು ವಾಷಿಂಗ್ಟನ್‌ಗೆ ಓಡಿದರು. 2035ರ ಹೊತ್ತಿಗೆ ರಕ್ಷಣೆಗೆ ಜಿಡಿಪಿಯ ಶೇ. 5ರಷ್ಟು ತೆಗೆದಿಡ್ತೀವಿ ಅಂತ ನ್ಯಾಟೋ ದೇಶಗಳು ಜೂನ್‌ನಲ್ಲೇ ಒಪ್ಪಿದ್ದವು. ಅಮೆರಿಕದ ನೆರಳು ಸರಿಯುತ್ತಿದೆ ಅನ್ನೋ ಭಯ ಅದು.

ಹಾಗಾದ್ರೆ ಯುರೋಪಿನ ಕಥೆ ಮುಗೀತಾ? ಇಲ್ಲ. ಬಂದೂಕು ಕೈಬಿಟ್ಟಿರಬಹುದು, ಅಳತೆಗೋಲು ಕೈಯಲ್ಲೇ ಇದೆ.

ಸಿರುಗುಪ್ಪದ ಭತ್ತದ ರೈತರನ್ನು ಕೇಳಿ. ಬೆಲಾರಸ್‌ನ ಪೊಟ್ಯಾಷ್ ಗೊಬ್ಬರ ಹಡಗು ಹತ್ತುತ್ತಿದ್ದದ್ದು ಲಿಥುವೇನಿಯಾದ ಬಂದರಿನಲ್ಲಿ. 2022ರ ಫೆಬ್ರುವರಿಯಲ್ಲಿ ಲಿಥುವೇನಿಯಾ ಆ ರೈಲನ್ನೇ ನಿಲ್ಲಿಸಿತು. ಅದೇ ತಿಂಗಳ ಕೊನೆಗೆ ಯುದ್ಧ. ಉಕ್ರೇನಿನ ಸೂರ್ಯಕಾಂತಿ ಎಣ್ಣೆ ಬರೋದು ನಿಂತಾಗ ಬಳ್ಳಾರಿಯ ಮಿರ್ಚಿ ಬಾಣಲೆಗೂ ಬಿಸಿ ತಟ್ಟಿತು. ಕುರುಗೋಡಿನ ಹಿರಿಯರೇ, ಯುರೋಪಿಗೆ ಹೋಗೋ ಒಣಮೆಣಸಿನಕಾಯಿಯಲ್ಲಿ ಕೀಟನಾಶಕದ ಅಂಶ ಎಷ್ಟು, ಬೂಷ್ಟಿನ ವಿಷ ಎಷ್ಟು ಅನ್ನೋದನ್ನೂ ಅವರೇ ಅಳೀತಾರೆ. ಮಿತಿ ದಾಟಿದರೆ ಸರಕು ವಾಪಸ್.

ಇನ್ನು ಉಕ್ಕು. ಒಂದು ಟನ್ ಮಾಡೋಕೆ ಎಷ್ಟು ಇಂಗಾಲ ಉಗುಳಿದ್ರಿ ಅಂತ 2023ರ ಅಕ್ಟೋಬರ್‌ನಿಂದ ಯುರೋಪ್ ಲೆಕ್ಕ ಕೇಳ್ತಿದೆ. 2026ರ ಜನವರಿ 1ರಿಂದಾಚೆಗಿನ ಸರಕಿಗೆ ದುಡ್ಡೂ ಕಟ್ಟಬೇಕು. ಕಟ್ಟೋನು ಅಲ್ಲಿನ ಆಮದುದಾರ. ಅವನೇನು ಕೈಯಿಂದ ಕಟ್ತಾನಾ? ನಮ್ಮ ಬೆಲೆಯಲ್ಲಿ ಮುರ್ಕೊಳ್ಳೋಕೆ ನೋಡ್ತಾನೆ. ತೋರಣಗಲ್ಲಿನ ದೊಡ್ಡ ಕಾರ್ಖಾನೆ ಲೆಕ್ಕ ಬರೆಯೋಕೆ ಎಂಜಿನಿಯರುಗಳನ್ನು ಇಟ್ಕೊಳ್ಳುತ್ತೆ. ಬಳ್ಳಾರಿ ಸುತ್ತಲಿನ ಸಣ್ಣ ಸ್ಪಾಂಜ್ ಐರನ್ ಘಟಕದವರು ಯಾರನ್ನು ಕೇಳಬೇಕು?

ಎರಡು ಶತಮಾನ ಕಲ್ಲಿದ್ದಲು ಸುಟ್ಟು ಶ್ರೀಮಂತರಾದವರು ಈಗ ನಮಗೆ ಪಾಠ ಹೇಳೋದಾ? ಸಿಟ್ಟು ನ್ಯಾಯವಾದದ್ದೇ. ಯುರೋಪಿನ ಸಮಸ್ಯೆ ಜಗತ್ತಿನದು, ಜಗತ್ತಿನ ಸಮಸ್ಯೆ ಯುರೋಪಿನದಲ್ಲ ಅನ್ನೋ ಧೋರಣೆ ಬಿಡಿ ಅಂತ ಸಚಿವ ಜೈಶಂಕರ್ 2022ರ ಜೂನ್‌ನಲ್ಲಿ ಬ್ರಾಟಿಸ್ಲಾವಾದಲ್ಲಿ ಮುಖಕ್ಕೇ ಹೇಳಿದ್ದರು. ದೆಹಲಿ ಈ ವಿಷಯದಲ್ಲೂ ಅಷ್ಟೇ ಗಟ್ಟಿಯಾಗಿ ಚೌಕಾಶಿ ಮಾಡಲಿ.

ಆದರೆ ನಮ್ಮ ಎಲೆಯಲ್ಲಿ ಬಿದ್ದ ನೊಣವನ್ನೂ ನೋಡಬೇಕಲ್ಲ? ನಮ್ಮ ಗುಡ್ಡಗಳನ್ನು ಅಗೆದು ಕೆಂಪು ಧೂಳು ಎಬ್ಬಿಸಿದ್ದು ಯುರೋಪ್ ಅಲ್ಲ. ಎಷ್ಟು ಅಗೀಬೇಕು ಅನ್ನೋ ಅಳತೆ ನಾವೇ ಇಟ್ಕೊಳ್ಳಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಬೇಕಾಯಿತು.

ಪಾಠ ಇಷ್ಟೇ. ನಮ್ಮ ನೆಲವನ್ನು ನಾವು ಅಳೆದುಕೊಳ್ಳದಿದ್ದರೆ ಬೇರೆಯವರು ಬಂದು ಅಳೀತಾರೆ, ಬೆಲೆಯನ್ನೂ ಅವರೇ ಕಟ್ತಾರೆ. ಮೆಣಸಿನಕಾಯಿ ಪರೀಕ್ಷೆ ರೈತನ ಕೈಗೆಟುಕುವಷ್ಟು ಹತ್ತಿರ ಬರಲಿ. ಸಣ್ಣ ಕಾರ್ಖಾನೆಗೆ ಲೆಕ್ಕ ಬರೆಯೋದನ್ನು ಸರ್ಕಾರ ಕಲಿಸಲಿ. ಮನ್ರೋ ಸರಪಳಿ ಹಿಡಿದು ಬಂದಾಗ ನಮ್ಮವರಿಗೆ ಬೇರೆ ದಾರಿ ಇರಲಿಲ್ಲ. ಇವತ್ತು ಇದೆ.

ಹಿರಿಯರೇ, ನಿಮ್ಮ ಪ್ರಶ್ನೆಗೆ ಇದು ನನ್ನ ಉತ್ತರ. ಶುಭರಾತ್ರಿ.