ಪಾಲಿಕೆಯ ತಕ್ಕಡಿಯಲ್ಲಿ ತಜ್ಞನ ಬೆಲೆ

(ಮುಂಬಯಿಯಲ್ಲಿ ಕನ್ನಡ ಜೈನ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)



ನಮ್ಮ ಸಮಾಜದ ಸಭೆಯಲ್ಲಿ ಮಹಾನಗರಪಾಲಿಕೆಯ ಟೆಂಡರಿನ ಮಾತೇಕೆ ಎಂದು ಹಿರಿಯರು ಕೇಳಬಹುದು. ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಮಲಮೂತ್ರಗಳನ್ನು ಸಹ ಜೀವಿಗಳಿಗೆ ಬಾಧೆಯಾಗದ ಎಡೆಯನ್ನು ನೋಡಿ ವಿಸರ್ಜಿಸಬೇಕೆಂಬುದು ಅದರ ತಾತ್ಪರ್ಯ. ಒಬ್ಬ ಮುನಿಗೆ ಇಷ್ಟು ಎಚ್ಚರವನ್ನು ವಿಧಿಸಿದ ಧರ್ಮದವರು ನಾವು. ಕೋಟಿಗೂ ಮೀರಿದ ಜನರ ಕೊಳೆನೀರು, ಕಸ, ಮಳೆನೀರು ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವವರು ಯಾರು, ಅವರನ್ನು ಆರಿಸುವ ಬಗೆ ಯಾವುದು ಎಂದು ನಾವು ಕೇಳಬೇಡವೆ?

ಇಂತಹ ಕಾಮಗಾರಿಗಳಿಗೆ ಪಾಲಿಕೆಯು ಪರಿಸರ ಎಂಜಿನಿಯರಿಂಗ್ ಸಲಹಾ ಸಂಸ್ಥೆಗಳನ್ನು ನೇಮಿಸುತ್ತದೆ. ನೆಲದ ಮಟ್ಟವನ್ನು ಅಳೆಯುವುದು, ನೀರಿನ ಹರಿವನ್ನು ಲೆಕ್ಕಹಾಕುವುದು, ನಕ್ಷೆ ಮತ್ತು ಅಂದಾಜುಪಟ್ಟಿ ಸಿದ್ಧಪಡಿಸುವುದು, ಅನೇಕ ಸಲ ಗುತ್ತಿಗೆದಾರನ ಕೆಲಸದ ಮೇಲ್ವಿಚಾರಣೆ ಮಾಡುವುದು ಅವುಗಳ ಹೊಣೆ. ಒಟ್ಟು ವೆಚ್ಚದಲ್ಲಿ ಸಲಹೆಯ ಶುಲ್ಕ ಚಿಕ್ಕದು. ಆದರೆ ಮುಂದಿನ ಪ್ರತಿಯೊಂದು ರೂಪಾಯಿಯೂ ಆ ಸಲಹೆಯ ದಾರಿಯಲ್ಲಿಯೇ ಹರಿಯುತ್ತದೆ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. 500 ಕೋಟಿ ರೂಪಾಯಿಯ ಚರಂಡಿ ಯೋಜನೆ. ಮೊದಲನೆಯ ಸಂಸ್ಥೆಯ ಗುಣಮಟ್ಟಕ್ಕೆ 90 ಅಂಕ, ಅದು ಕೇಳಿದ ಶುಲ್ಕ 5 ಕೋಟಿ. ಎರಡನೆಯದಕ್ಕೆ 70 ಅಂಕ, ಶುಲ್ಕ 3 ಕೋಟಿ. ಕಡಿಮೆ ದರವೊಂದನ್ನೇ ನೋಡಿದರೆ ಎರಡನೆಯ ಸಂಸ್ಥೆ ಗೆಲ್ಲುತ್ತದೆ. ಗುಣಕ್ಕೆ ಶೇ. 80, ದರಕ್ಕೆ ಶೇ. 20 ತೂಕ ಕೊಟ್ಟರೆ ಮೊದಲನೆಯದಕ್ಕೆ 84, ಎರಡನೆಯದಕ್ಕೆ 76 ಅಂಕಗಳು ಬರುತ್ತವೆ, ಫಲಿತಾಂಶ ತಿರುಗಿಬೀಳುತ್ತದೆ. ಉಳಿಸಿದ್ದು 2 ಕೋಟಿ ಎಂದು ಲೆಕ್ಕ ತೋರಿಸಬಹುದು. ಆದರೆ ಅಂದಾಜು ಶೇ. 1ರಷ್ಟು ತಪ್ಪಿದರೂ 5 ಕೋಟಿ ಹೋಗುತ್ತದೆ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿವೇಕವನ್ನು ಬರೆದೇ ಇಟ್ಟಿವೆ. ಸಲಹಾ ಸೇವೆಯ ಆಯ್ಕೆಯಲ್ಲಿ ಗುಣಕ್ಕೆ ಶೇ. 80ರವರೆಗೆ ತೂಕ ಕೊಡಲು ಅಲ್ಲಿ ಅವಕಾಶವಿದೆ. ಲೆಕ್ಕಪರಿಶೋಧನೆಯಂತಹ ವಾಡಿಕೆಯ ಕೆಲಸಗಳಿಗೆ ಮಾತ್ರ ಕನಿಷ್ಠ ದರದ ಕ್ರಮ ಸೂಕ್ತವೆಂದು ಅವು ಹೇಳುತ್ತವೆ. ಲೆಕ್ಕಪರಿಶೋಧಕನಾದ ನನಗೆ ಇದು ಅಷ್ಟೇನೂ ಗೌರವದ ಮಾತಲ್ಲ, ಆದರೂ ಒಪ್ಪುತ್ತೇನೆ. ಈ ನಿಯಮಗಳು ಪಾಲಿಕೆಗಳನ್ನು ನೇರವಾಗಿ ಕಟ್ಟಿಹಾಕುವುದಿಲ್ಲ. ಆದ್ದರಿಂದಲೇ ಯಾವ ತಕ್ಕಡಿ ಹಿಡಿದಿದ್ದೀರಿ ಎಂದು ಪಾಲಿಕೆಯನ್ನು ಕೇಳುವುದು ನಾಗರಿಕರ ಪಾಲಿಗೆ ಬರುತ್ತದೆ.

ನಮ್ಮ ಬಸದಿಗಳಲ್ಲಿ ಅಭಿಷೇಕದ ಸವಾಲು ಹೆಚ್ಚು ಕೂಗಿದವರ ಪಾಲಾಗುತ್ತದೆ. ಪಾಲಿಕೆಯ ಕೆಲಸ ಕಡಿಮೆ ಬರೆದವರ ಪಾಲಾಗುತ್ತದೆ. ಯೋಗ್ಯತೆಯನ್ನು ಎರಡೂ ಕಡೆ ಯಾರೂ ಕೇಳುವುದಿಲ್ಲ.

ಎರಡನೆಯ ದೋಷ ಶುಲ್ಕದ ಲೆಕ್ಕಾಚಾರದಲ್ಲಿದೆ. ಎಷ್ಟೋ ಕಡೆ ಸಲಹೆಗಾರನ ಶುಲ್ಕವನ್ನು ಕಾಮಗಾರಿಯ ವೆಚ್ಚದ ಶೇಕಡಾವಾರಾಗಿ ಗೊತ್ತುಮಾಡುತ್ತಾರೆ. ವೆಚ್ಚ ಏರಿದಷ್ಟೂ ಶುಲ್ಕ ಏರುವುದಾದರೆ ಮಿತವ್ಯಯದ ಸಲಹೆ ಕೊಡುವವನು ತನಗೆ ತಾನೇ ನಷ್ಟ ಮಾಡಿಕೊಂಡಂತೆ. ಸನ್ನದು ಲೆಕ್ಕಪರಿಶೋಧಕರು ಲಾಭದ ಶೇಕಡಾವಾರು ಶುಲ್ಕ ಪಡೆಯುವುದನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 1949ರ ಕಾಯಿದೆಯೇ ನಿಷೇಧಿಸಿದೆ. ಅದೇ ಎಚ್ಚರ ಇಲ್ಲಿಯೂ ಬೇಕು.

ಇನ್ನು, ಒಳ್ಳೆಯ ತಜ್ಞನನ್ನು ನೇಮಿಸಿದರೆ ಎಲ್ಲವೂ ಮುಗಿಯಿತೆ? ನಮ್ಮ ಕಣ್ಣೆದುರಿನ ಬ್ರಿಮ್‌ಸ್ಟೊವಾಡ್ ಯೋಜನೆಯನ್ನು ನೆನೆಯಿರಿ. 1985ರ ಪ್ರವಾಹದ ಬಳಿಕ ಮುಂಬಯಿ ಪಾಲಿಕೆಯು ಮಳೆನೀರಿನ ಚರಂಡಿಗಳ ಅಧ್ಯಯನವನ್ನು ಸಲಹಾ ಸಂಸ್ಥೆಯೊಂದಕ್ಕೆ ಒಪ್ಪಿಸಿತು. ವರದಿ ಬಂದದ್ದು 1993ರಲ್ಲಿ. ಗಂಟೆಗೆ 25 ಮಿಲಿಮೀಟರ್ ಮಳೆಯನ್ನು ಸಾಗಿಸುವ ಹಳೆಯ ಚರಂಡಿಗಳನ್ನು 50 ಮಿಲಿಮೀಟರಿಗೆ ಏರಿಸಬೇಕು, ಕಡಲಿನ ಉಬ್ಬರದ ಹೊತ್ತಿನಲ್ಲಿ ನೀರನ್ನು ಹೊರಹಾಕಲು 8 ಪಂಪಿಂಗ್ ಕೇಂದ್ರಗಳನ್ನು ಕಟ್ಟಬೇಕು ಎಂದು ಅದು ಹೇಳಿತು. ವರದಿಯ ಬಹುಭಾಗ ಕಪಾಟಿನಲ್ಲಿಯೇ ಉಳಿಯಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು; ನಗರದಲ್ಲಿ 400ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಂತಹ ಮಳೆಯನ್ನು ಯಾವ ಚರಂಡಿಯೂ ತಡೆಯಲಾರದು, ನಿಜ. ಆದರೆ ಕೇಂದ್ರವು 1,200 ಕೋಟಿ ಮಂಜೂರು ಮಾಡಿದ್ದು ಆ ಸಾವುಗಳ ನಂತರ, 2007ರಲ್ಲಿ. ಮೊಗರಾ ಮತ್ತು ಮಾಹುಲ್ ಕೇಂದ್ರಗಳು ಅದಾದ ಮೇಲೂ ಜಾಗದ ತೊಡಕಿನಲ್ಲಿ ದೀರ್ಘಕಾಲ ಸಿಲುಕಿದ್ದವು. ಹಣ ಕೊಟ್ಟು ಪಡೆದ ಜ್ಞಾನವನ್ನು ಬಳಸದೆ ಇಡುವುದು ಎಲ್ಲಕ್ಕಿಂತ ದುಬಾರಿಯಾದ ದುಂದು. ಅದು ಯಾವ ಜಮಾಖರ್ಚಿನಲ್ಲಿಯೂ ಕಾಣಿಸುವುದಿಲ್ಲ.

ಪ್ರಶ್ನಿಸಬೇಕಾದ ಜನಪ್ರತಿನಿಧಿಗಳಾದರೂ ಇದ್ದರೆ? 2022ರ ಮಾರ್ಚ್‌ನಲ್ಲಿ ಅವಧಿ ಮುಗಿದ ಬಳಿಕ ಹಲವು ವರ್ಷ ಈ ಪಾಲಿಕೆಯನ್ನು ಆಡಳಿತಾಧಿಕಾರಿಯೇ ನಡೆಸಿದರು. ಗುತ್ತಿಗೆಗಳನ್ನು ಪರಿಶೀಲಿಸುವ ಸ್ಥಾಯಿ ಸಮಿತಿಯೇ ಆಗ ಇರಲಿಲ್ಲ. ಆ ಬಗ್ಗೆ ನಮ್ಮ ಸಮಾಜದಿಂದ ಎಷ್ಟು ಧ್ವನಿ ಕೇಳಿಬಂತು?

ಅಚೌರ್ಯವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಸುಳ್ಳು ಅಳತೆ ಒಂದು, ಅಸಲಿನ ಹೆಸರಿನಲ್ಲಿ ನಕಲಿ ಮಾರುವುದು ಇನ್ನೊಂದು. ಸ್ಥಳಕ್ಕೆ ಹೋಗದೆ ಬರೆದ ಸಮೀಕ್ಷೆ ಸುಳ್ಳು ಅಳತೆಯಲ್ಲದೆ ಮತ್ತೇನು? ಬೇರೆ ನಗರದ ವರದಿಯಲ್ಲಿ ಊರಿನ ಹೆಸರನ್ನಷ್ಟೇ ಬದಲಿಸಿ ಒಪ್ಪಿಸುವುದು ನಕಲಿ ಮಾಲಲ್ಲವೆ? ನಮ್ಮಲ್ಲಿ ಎಂಜಿನಿಯರರಿದ್ದಾರೆ, ಗುತ್ತಿಗೆದಾರರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ. ವ್ರತವು ಬಸದಿಯ ಹೊಸ್ತಿಲಿನೊಳಗೆ ಮಾತ್ರ ನಡೆಯತಕ್ಕದ್ದಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ವಾರ್ಡಿನಲ್ಲಿ ನಮ್ಮವರು ಇಬ್ಬರು ಮೂವರು ಸೇರಿ, ಇತರ ಸಮಾಜದವರನ್ನೂ ಕೂಡಿಕೊಂಡು, ಸಲಹೆಗಾರರ ನೇಮಕದ ಪ್ರಕಟಣೆಗಳನ್ನು ಓದಲಿ. ಮೂರು ಪ್ರಶ್ನೆಗಳನ್ನು ಕೇಳಲಿ: ಗುಣಕ್ಕೆ ಎಷ್ಟು ತೂಕ? ಶುಲ್ಕಕ್ಕೆ ಆಧಾರವೇನು? ವರದಿ ಬಂದ ಮೇಲೆ ಅದನ್ನು ಯಾವಾಗ ಪ್ರಕಟಿಸುತ್ತೀರಿ, ಜಾರಿಗೆ ಉತ್ತರದಾಯಿ ಯಾರು? ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. 10 ರೂಪಾಯಿಯ ಅರ್ಜಿ ಸಾಕು. ಮನೆಯಲ್ಲಿ ನೀರನ್ನು ಸೋಸಿ ಕುಡಿಯುವ ನಾವು, ಆ ನೀರು ಮನೆಯಿಂದ ಹೊರಬಿದ್ದ ಮೇಲೆ ಏನಾಗುತ್ತದೆಂಬುದರ ಹೊಣೆಯನ್ನೂ ಹೊರೋಣ.

ಜೈ ಜಿನೇಂದ್ರ.